ಚೂರಿಯ ಉಕ್ಕು: ಮೂಸೆಯಿಂದ ಸ್ಪ್ರಿಂಗ್ ಪಟ್ಟಿಯವರೆಗೆ

ಜೇಬಿನಲ್ಲಿಟ್ಟುಕೊಳ್ಳುವ ಸಣ್ಣ ಚೂರಿಯ ಅಲಗು ಮೂರು ಗುಣಗಳನ್ನು ಕೇಳುತ್ತದೆ. ಹರಿತ ಬೇಗ ಹೋಗಬಾರದು. ಒತ್ತಿದರೆ, ತಿರುಚಿದರೆ ಮುರಿಯಬಾರದು. ಮೊಂಡಾದಾಗ ಕೈಗೆ ಸಿಗುವ ಕಲ್ಲಿನ ಮೇಲೆ ನಾಲ್ಕು ಸಲ ಮಸೆದರೆ ಮತ್ತೆ ಬಾಯಿ ಬರಬೇಕು. ಈ ಮೂರೂ ಒಂದೇ ಉಕ್ಕಿನಲ್ಲಿ ತುಂಬಿ ಬರುವುದಿಲ್ಲ. ಗಡಸು ಏರಿದಂತೆ ಪೆಡಸೂ ಏರುತ್ತದೆ. ಸವೆಯದ ಉಕ್ಕು ಮಸೆಗಲ್ಲಿಗೂ ಬಗ್ಗುವುದಿಲ್ಲ. ಆದ್ದರಿಂದ ಅಲಗಿಗೆ ಮೆಚ್ಚಿನ ಉಕ್ಕು ಯಾವುದು ಎಂದು ತೀರ್ಮಾನಿಸುವುದು ಯಾವ ಗುಣವನ್ನು ಎಷ್ಟು ಬಿಟ್ಟುಕೊಡಬಹುದು ಎಂದು ಅಳೆಯುವ ಕೆಲಸ. ತುಂಗಭದ್ರೆಯ ದಂಡೆಯಲ್ಲಿ, ಸಂಡೂರು ಬೆಟ್ಟಗಳ ನೆರಳಿನಲ್ಲಿ, ಚಿತ್ರದುರ್ಗದಿಂದ ಮಾಗಡಿಯವರೆಗಿನ ಕಾಡಂಚಿನ ಊರುಗಳಲ್ಲಿ ಈ ಅಳತೆ ಮೂರು ಸಾವಿರ ವರ್ಷಗಳಿಂದ ನಡೆದುಬಂದಿದೆ.

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಈ ಕಬ್ಬಿಣದ ಸೀಮೆಯ ಒಳಗೇ ಇದೆ. ಹಾಸನ ಜಿಲ್ಲೆಯ ಅರಸೀಕೆರೆ ಬೇರೆ. ಇದು ಉಚ್ಚಂಗಿದುರ್ಗದ ನೆರೆಯ ಹೋಬಳಿ ಊರು. ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿ 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಕಾಗದದ ಮೇಲಿನ ಗಡಿ ಎಷ್ಟು ಸಲ ಸರಿದರೂ ನೆಲ ಅದೇ: ಈಶಾನ್ಯಕ್ಕೆ ಸಂಡೂರಿನ ಅದಿರಿನ ಸಾಲು, ಪಡುವಣಕ್ಕೆ ತುಂಗಭದ್ರೆ, ಆಗ್ನೇಯಕ್ಕೆ ಚಿತ್ರದುರ್ಗ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಕುಲುಮೆಗಳಿಗೂ ಇದೇ ಹಿನ್ನೆಲೆ.

ಕಬ್ಬಿಣದ ಬಳಕೆ ಇಲ್ಲಿ ಬಹಳ ಹಳೆಯದು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ 1960ರ ದಶಕದ ನಡುವೆ ಉತ್ಖನನ ನಡೆಸಿದಾಗ ನವಶಿಲಾಯುಗದ ಪದರದ ಮೇಲೆಯೇ ಕಬ್ಬಿಣದ ವಸ್ತುಗಳು ಸಿಕ್ಕವು. ಇಂಗಾಲದ ಕಾಲಮಾಪನದಿಂದ ಅವು ಸುಮಾರು ಕ್ರಿ.ಪೂ. 1000ದವು ಎಂದು ತಿಳಿಯಿತು. ದಕ್ಷಿಣ ಭಾರತದ ಕಬ್ಬಿಣಯುಗವನ್ನು ಅಷ್ಟು ಹಿಂದಕ್ಕೆ ಒಯ್ಯಲು ಅದುವರೆಗೆ ವಿದ್ವಾಂಸರು ಹಿಂಜರಿಯುತ್ತಿದ್ದರು. ಹಳ್ಳೂರು ಆ ಹಿಂಜರಿಕೆಯನ್ನು ಬಿಡಿಸಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಬೃಹತ್ ಶಿಲಾ ಸಮಾಧಿಗಳಲ್ಲಿಯೂ ಕಬ್ಬಿಣದ ಆಯುಧಗಳಿದ್ದವು. ಆನೆಗೊಂದಿಯ ಹತ್ತಿರದ ಕಡೆಬಾಕೆಲೆಯಲ್ಲಿ ಈ ಶತಮಾನದಲ್ಲಿ ನಡೆದ ಉತ್ಖನನದಲ್ಲಿ ದೊರೆತ ಕೆಲವು ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಅವುಗಳಲ್ಲಿ ಇಂಗಾಲ ಹೆಚ್ಚಿರುವ ಉಕ್ಕಿನ ರಚನೆ ಕಂಡಿತು. ಅಂದರೆ ಕಬ್ಬಿಣ ಬಂದು ಬಹಳ ಕಾಲ ಕಳೆಯುವ ಮೊದಲೇ ಈ ಭಾಗದ ಕಮ್ಮಾರರು ಮೆದು ಕಬ್ಬಿಣಕ್ಕೂ ಬಾಯಿ ಹಿಡಿಯುವ ಉಕ್ಕಿಗೂ ಇರುವ ಅಂತರವನ್ನು ಕೈಯಿಂದ ಕಂಡುಕೊಂಡಿದ್ದರು.

ಆ ಅಂತರವೆಲ್ಲ ಇಂಗಾಲದ್ದು. ಅದಿರನ್ನು ಇದ್ದಿಲಿನೊಡನೆ ಮಣ್ಣಿನ ಕುಲುಮೆಯಲ್ಲಿಟ್ಟು ತಿದಿ ಒತ್ತಿದರೆ ಹಳೆಯ ಕಾಲದ ಶಾಖಕ್ಕೆ ಕಬ್ಬಿಣ ಕರಗಿ ಹರಿಯುತ್ತಿರಲಿಲ್ಲ. ಕಿಟ್ಟದೊಡನೆ ಬೆರೆತ ಸ್ಪಂಜಿನಂಥ ಮುದ್ದೆ ಸಿಗುತ್ತಿತ್ತು. ಅದನ್ನು ಕಾಯಿಸಿ ಬಡಿದು ಕಿಟ್ಟ ಹೊರಡಿಸಿದರೆ ಮೆದು ಕಬ್ಬಿಣ. ಅದರಲ್ಲಿ ಇಂಗಾಲ ನೂರಕ್ಕೆ ಕಾಲು ಪಾಲೂ ಇರುವುದಿಲ್ಲ. ಬಾಗಿಲ ಚಿಲಕಕ್ಕೆ, ಬಂಡಿಯ ಹಳಿಗೆ ಅದು ಸಾಕು, ಚೂರಿಗೆ ಸಾಲದು. ಒಂದು ಮಧ್ಯಾಹ್ನ ಕೊಯ್ದರೆ ಅದರ ಬಾಯಿ ಮಡಚಿಹೋಗುತ್ತದೆ. ನೂರಕ್ಕೆ ಅರೆ ಪಾಲಿನಿಂದ ಒಂದೂವರೆ ಪಾಲಿನವರೆಗೆ ಇಂಗಾಲ ಸೇರಿದಾಗ ಮಾತ್ರ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೊಡನೆ ಲೋಹ ಗಡುಸಾಗುತ್ತದೆ. ಉಕ್ಕು ದುಬಾರಿಯಾದ್ದರಿಂದ ಕಮ್ಮಾರರು ಕೊಡಲಿ, ಉಳಿ, ಕತ್ತಿಗಳ ಮೈಯನ್ನು ಕಬ್ಬಿಣದಲ್ಲಿ ಬಡಿದು, ಬಾಯಿಗೆ ಮಾತ್ರ ಉಕ್ಕಿನ ತುಂಡನ್ನು ಬೆಸೆಯುತ್ತಿದ್ದರು. ಉಳಿತಾಯದ ಈ ಉಪಾಯ ಲೋಹಶಾಸ್ತ್ರದ ಲೆಕ್ಕಕ್ಕೂ ಸರಿ: ಬೆನ್ನು ಮೆದುವಾಗಿದ್ದರೆ ಏಟು ತಾಳುತ್ತದೆ, ಬಾಯಿ ಗಡುಸಾಗಿದ್ದರೆ ಕೊಯ್ಯುತ್ತದೆ.

ಹೀಗೆ ಬೆಸೆಯುವ ಉಕ್ಕನ್ನು ಮಾಡುವ ವಿದ್ಯೆಯ ಸ್ಪಷ್ಟವಾದ ಬರವಣಿಗೆಯ ಸಾಕ್ಷ್ಯ ಫ್ರಾನ್ಸಿಸ್ ಬುಕಾನನ್‌ನದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಅವನನ್ನು ಮೈಸೂರು, ಕೆನರಾ, ಮಲಬಾರುಗಳ ಸಮೀಕ್ಷೆಗೆ ಕಳಿಸಿತು; ಪ್ರವಾಸದ ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಾಗಡಿಯ ಕಡೆಯ ಘಟ್ಟಿಪುರದಲ್ಲಿ, ಮಧುಗಿರಿ–ಚನ್ನರಾಯನದುರ್ಗದ ಸೀಮೆಯಲ್ಲಿ ಅವನು ಕುಲುಮೆಗಳ ಮುಂದೆ ನಿಂತು ಕಂಡದ್ದನ್ನು ಬರೆದುಕೊಂಡ. ಮಳೆಗಾಲದಲ್ಲಿ ಹಳ್ಳಗಳು ಕೊಚ್ಚಿ ತರುವ ಕಪ್ಪು ಮರಳೇ ಅಲ್ಲಿ ಅದಿರು. ಜನ ಅದನ್ನು ತೊಳೆದು, ಹಗುರ ಮರಳನ್ನು ನೀರಿಗೆ ಬಿಟ್ಟು, ಭಾರದ ಕಪ್ಪನ್ನು ಉಳಿಸಿಕೊಳ್ಳುತ್ತಿದ್ದರು.

ಉಕ್ಕಿಗೆ ಬಳಸುತ್ತಿದ್ದ ಮೂಸೆ ಸುಡದ ಮಣ್ಣಿನದು, ಶಂಕುವಿನಾಕಾರದ್ದು, ಸುಮಾರು ಅರ್ಧ ಲೀಟರು ನೀರು ಹಿಡಿಯುವಷ್ಟು ದೊಡ್ಡದು. ಪ್ರತಿ ಮೂಸೆಯೊಳಗೆ ಒಂದು ತುಂಡು ಕಬ್ಬಿಣ, ಮೂರು ರೂಪಾಯಿ ತೂಕದ ತಂಗಡಿಕಡ್ಡಿ, ಒಂದು ಜಾತಿಯ ಬಳ್ಳಿಯ ಎರಡು ಹಸಿರೆಲೆ. ಬಾಯಿಗೆ ಮಣ್ಣಿನ ಮುಚ್ಚಳ ಹಾಕಿ, ಸಂದುಗಳನ್ನು ಮಣ್ಣಿನಿಂದಲೇ ಮೆತ್ತಿ, ಬೆಂಕಿಯ ಬಳಿ ಒಣಗಿಸುತ್ತಿದ್ದರು. ಕುಲುಮೆಯ ಇಳಿಜಾರಾದ ಬಾಯಿಯ ಸುತ್ತ ಮೂಸೆಗಳ ಒಂದು ಸಾಲು, ಅದರೊಳಗೆ ಇನ್ನೊಂದು ಸಾಲು, ನಡುವೆ ಒಂದೇ ಒಂದು, ಒಟ್ಟು 15. ತಿದಿಯ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಮಾತ್ರ ತುಂಬಿದ ಮೂಸೆಗೆ ಬದಲು ಖಾಲಿ ಮೂಸೆ. ಆಮೇಲೆ ಇದ್ದಿಲು ಸುರಿದು ನಾಲ್ಕು ಗಂಟೆ ಬಿಡದೆ ತಿದಿ ಒತ್ತಿದರೆ ಕೆಲಸ ಮುಗಿಯಿತು. ತಣಿದ ಮೂಸೆ ಒಡೆದರೆ ತಳದಲ್ಲಿ ಉಕ್ಕಿನ ಗುಂಡು. ಚೆನ್ನಾಗಿ ಕರಗಿದ್ದರೆ ಅದರ ಮೈಮೇಲೆ ಹರಳುಗಟ್ಟಿದ ಗೆರೆಗಳು.

ತಂಗಡಿಕಡ್ಡಿ ಮತ್ತು ಎಲೆಗಳು ಅಲ್ಲಿ ಮಾಡುತ್ತಿದ್ದ ಕೆಲಸವನ್ನು ಗಮನಿಸಿದರೆ ಈ ಜನರ ಅನುಭವದ ಆಳ ತಿಳಿಯುತ್ತದೆ. ಮುಚ್ಚಿದ ಮೂಸೆಯಲ್ಲಿ ಗಾಳಿಯಿಲ್ಲ. ಕಡ್ಡಿ ಉರಿದು ಬೂದಿಯಾಗದೆ ಇದ್ದಿಲಾಗುತ್ತದೆ. ಆ ಇದ್ದಿಲಿನ ಇಂಗಾಲವನ್ನು ಬಿಸಿ ಕಬ್ಬಿಣ ಹೀರಿಕೊಳ್ಳುತ್ತದೆ. ಇಂಗಾಲ ಸೇರಿದಂತೆ ಕಬ್ಬಿಣದ ಕರಗುವ ಶಾಖ ಇಳಿಯುತ್ತದೆ, ಮೆದು ಕಬ್ಬಿಣವನ್ನು ಎಂದೂ ಕರಗಿಸಲಾರದ ಇದ್ದಿಲ ಬೆಂಕಿಯೇ ಉಕ್ಕನ್ನು ಕರಗಿಸುತ್ತದೆ. ಕರಗಿದ ಉಕ್ಕಿನಲ್ಲಿ ಕಿಟ್ಟ ಮೇಲೆ ತೇಲಿ ಬೇರೆಯಾಗುತ್ತದೆ, ಇಂಗಾಲ ಎಲ್ಲೆಡೆ ಸಮನಾಗಿ ಹರಡುತ್ತದೆ. ಮೂರು ರೂಪಾಯಿ ತೂಕ ಎಂಬುದು ಅಳತೆಗೋಲು. ಕಡ್ಡಿ ಕಡಿಮೆಯಾದರೆ ಕಬ್ಬಿಣ ಕರಗದು, ಹೆಚ್ಚಾದರೆ ಬಡಿದರೆ ಒಡೆಯುವ ಬೀಡು ಸಿಗುತ್ತದೆ. ತಕ್ಕಡಿಯೊಂದನ್ನು ಬಿಟ್ಟು ಬೇರಾವ ಉಪಕರಣವೂ ಇಲ್ಲದೆ ನೂರಕ್ಕೆ ಒಂದೂವರೆಯ ಆಸುಪಾಸಿನ ಇಂಗಾಲವನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದ ಈ ಕುಲುಮೆಯವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಇದು ಕರ್ನಾಟಕದ ವಿಜ್ಞಾನ ಚರಿತ್ರೆಯ ದೊಡ್ಡ ನಷ್ಟ.

ಆ ಉಕ್ಕು ಕತ್ತಿಗಷ್ಟೇ ಹೋಗುತ್ತಿರಲಿಲ್ಲ. ಚನ್ನಪಟ್ಟಣದಲ್ಲಿ ಅದನ್ನು ಎಳೆದು ಸಂಗೀತ ವಾದ್ಯಗಳ ತಂತಿ ಮಾಡುತ್ತಿದ್ದರು. ಆ ತಂತಿಗೆ ದೂರದೂರದಿಂದ ಬೇಡಿಕೆಯಿತ್ತು. ಗುಂಡುಗಳು ಬಂದರುಗಳ ಮೂಲಕ ಪರ್ಷಿಯಾ, ಅರಬ್ಬೀ ನಾಡುಗಳಿಗೆ ಹೋಗಿ ಅಲೆಯಂಥ ಮೈಗೆರೆಯ ಡಮಾಸ್ಕಸ್ ಖಡ್ಗಗಳಾದವು. ಯುರೋಪು ಈ ಉಕ್ಕನ್ನು ‘ವೂಟ್ಸ್’ ಎಂದು ಕರೆಯಿತು.

ಸಣ್ಣ ಚೂರಿಯ ಚರಿತ್ರೆಗೆ ಮುಖ್ಯವಾದ ಘಟನೆ ಬುಕಾನನ್‌ನ ಪ್ರವಾಸಕ್ಕೂ ಮೊದಲಿನದು. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ವೂಟ್ಸ್ ಗುಂಡುಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಪರೀಕ್ಷೆಯ ಕೆಲಸ ಜಾರ್ಜ್ ಪಿಯರ್ಸನ್ ಪಾಲಿಗೆ ಬಂತು. ಪಿಯರ್ಸನ್ ರಸಾಯನಶಾಸ್ತ್ರ ಬಲ್ಲವನು, ಆದರೆ ಅಲಗಿನ ಗುಣ ಹೇಳಬೇಕಾದವನು ಚೂರಿಗಾರ. ಆದ್ದರಿಂದ ಪಿಯರ್ಸನ್ ಚೂರಿಗಾರ ಜೇಮ್ಸ್ ಸ್ಟೊಡಾರ್ಟ್‌ನನ್ನು ಕೇಳಿದ. ಸ್ಟೊಡಾರ್ಟ್ ಆ ಉಕ್ಕನ್ನು ಬಡಿದು ಮಾಡಿಕೊಟ್ಟದ್ದು ಒಂದು ಪೆನ್‌ನೈಫು, ಅಂದರೆ ಹೆಬ್ಬಾತಿನ ಗರಿಯನ್ನು ಲೇಖನಿಯಾಗಿ ಕೆತ್ತುವ ಜೇಬುಚೂರಿ. ಈ ಆಯ್ಕೆಗೆ ಕಾರಣವಿದೆ. ಗರಿಯ ತುದಿಯನ್ನು ಸೀಳಿ ಮೊನೆ ಮಾಡಲು ಕೂದಲಂಥ ಹರಿತ ಬೇಕು, ಅದು ದಿನವೆಲ್ಲ ನಿಲ್ಲಬೇಕು. ಉಕ್ಕಿನ ದೋಷ ಖಡ್ಗದಲ್ಲಿ ಅಡಗಬಹುದು, ಪೆನ್‌ನೈಫಿನಲ್ಲಿ ಅಡಗುವುದಿಲ್ಲ. ಪಿಯರ್ಸನ್ನನ ಪ್ರಬಂಧ 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂತು.

ಸ್ಟೊಡಾರ್ಟ್ ಅಲ್ಲಿಗೇ ನಿಲ್ಲಲಿಲ್ಲ. ವರ್ಷಗಟ್ಟಲೆ ಹೋಲಿಸಿ ನೋಡಿ, ಶಸ್ತ್ರಚಿಕಿತ್ಸೆಯ ಸಲಕರಣೆ, ಕ್ಷೌರದ ಕತ್ತಿಗಳಿಗೆ ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ವೂಟ್ಸನ್ನೇ ತಾನು ಮೆಚ್ಚುವುದಾಗಿ ತನ್ನ ಸ್ಟ್ರಾಂಡ್ ಬೀದಿಯ ಅಂಗಡಿಯ ವ್ಯಾಪಾರದ ಚೀಟಿಯಲ್ಲಿ ಅಚ್ಚು ಹಾಕಿಸಿದ. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲೇ ಶೆಫೀಲ್ಡಿನಲ್ಲಿ ಮೂಸೆಯಲ್ಲಿ ಕರಗಿಸಿದ ಉಕ್ಕನ್ನು ಮಾರುಕಟ್ಟೆಗೆ ತಂದಿದ್ದ. ಸ್ಟೊಡಾರ್ಟ್‌ಗೆ ಆಯ್ಕೆಯಿಲ್ಲದೆ ಇರಲಿಲ್ಲ. ಆಯ್ಕೆ ಇದ್ದೂ ಅವನು ನಮ್ಮ ನೆಲದ ವಿದ್ಯೆಯ ಉಕ್ಕನ್ನು ಆರಿಸಿದ. ಆದರೆ ಅದನ್ನು ಬಡಿಯುವುದು ಸುಲಭವಾಗಿರಲಿಲ್ಲ. ಅತಿಯಾಗಿ ಕಾಯಿಸಿದರೆ ಸುತ್ತಿಗೆಯಡಿ ಪುಡಿಯಾಗುತ್ತದೆ, ತಣ್ಣಗಾದರೆ ಬಿರಿಯುತ್ತದೆ. ಮಂದ ಕೆಂಪಿನ ಕಿರಿದಾದ ಹದದಲ್ಲೇ ಕೆಲಸ ಮುಗಿಸಬೇಕು. ಬಿಳಿಗಾವಿನಲ್ಲಿ ಬಡಿಯುವ ರೂಢಿಯ ಯುರೋಪಿನ ಅನೇಕ ಕಮ್ಮಾರರಿಗೆ ಅದು ಒಗ್ಗಲಿಲ್ಲ.

ಸ್ಟೊಡಾರ್ಟ್ ಮುಂದೆ ಮೈಕೆಲ್ ಫ್ಯಾರಡೆಯನ್ನು ಜೊತೆಗೆ ಕರೆದುಕೊಂಡ. ಫ್ಯಾರಡೆ ಕಮ್ಮಾರನ ಮಗ. 1819ರಲ್ಲಿ ಅವನು ವೂಟ್ಸನ್ನು ವಿಶ್ಲೇಷಿಸಿದ. 1820 ಮತ್ತು 1822ರಲ್ಲಿ ಇಬ್ಬರೂ ಉಕ್ಕಿಗೆ ಬೇರೆ ಲೋಹಗಳನ್ನು ಬೆರೆಸುವ ಪ್ರಯೋಗಗಳ ಪ್ರಬಂಧಗಳನ್ನು ಪ್ರಕಟಿಸಿದರು. ವೂಟ್ಸಿನ ಗುಟ್ಟು ಅಲ್ಯೂಮಿನಾದಂಥ ಬೆರಕೆಯಲ್ಲಿದೆ ಎಂದು ಫ್ಯಾರಡೆ ತಿಳಿದದ್ದು ತಪ್ಪು, ಗುಟ್ಟಿದ್ದದ್ದು ಇಂಗಾಲದಲ್ಲಿ. ಆ ತಪ್ಪು ದಾರಿಯೇ ಮಿಶ್ರ ಉಕ್ಕುಗಳ ಕಡೆಗೆ ಬಾಗಿಲು ತೆರೆಯಿತು. ಫ್ರಾನ್ಸಿನ ಪಿಯೆರ್ ಬರ್ತಿಯೆ 1821ರಲ್ಲಿ ಕ್ರೋಮಿಯಂ ಬೆರೆಸಿದ ಉಕ್ಕನ್ನು ಮಾಡಿದ. ರಷ್ಯಾದ ಜ್ಲಾತೌಸ್ತ್‌ನಲ್ಲಿ ಪಾವೆಲ್ ಅನೋಸೊವ್ ಮೈಗೆರೆಯ ಉಕ್ಕನ್ನು ಮರಳಿ ಪಡೆದು 1841ರಲ್ಲಿ ಅದರ ವಿವರ ಬರೆದ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ಉಕ್ಕು ಹುಡುಕುತ್ತ ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಕ್ರೋಮಿಯಂ ಇರುವ, ತುಕ್ಕು ಹಿಡಿಯದ ಉಕ್ಕನ್ನು ಕಂಡ; ಮೊದಲು ಅದು ಬಳಕೆಗೆ ಬಂದದ್ದು ಊಟದ ಚಾಕುವಿನಲ್ಲಿ. ಮೈಗೆರೆ ಮೂಡಲು ಅದಿರಿನಲ್ಲಿರುವ ವನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶವೇ ಕಾರಣ ಎಂದು ಅಮೆರಿಕದ ಜಾನ್ ವೆರ್‌ಹೂವೆನ್ ಮತ್ತು ಚೂರಿಗಾರ ಆಲ್ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ತೋರಿಸಿಕೊಟ್ಟರು.

ಇತ್ತ ಕನ್ನಡ ನಾಡಿನಲ್ಲಿ ಕುಲುಮೆಗಳು ಆರುತ್ತ ಬಂದವು. ಅದಿರು ಮುಗಿದು ಆರಿದವು ಎನ್ನಲಾಗದು. ಇಂಗ್ಲೆಂಡಿನ ಕಬ್ಬಿಣ ಹಡಗಿನಲ್ಲಿ ಬಂದು ರೈಲಿನಲ್ಲಿ ಒಳನಾಡು ಸೇರಿತು. 1856ರ ಬೆಸ್ಸೆಮರ್ ವಿಧಾನದ ನಂತರ ಉಕ್ಕೂ ಅಗ್ಗವಾಯಿತು. ಮದರಾಸಿನ 1882ರ ಅರಣ್ಯ ಕಾಯಿದೆ ಕಾಡಿನ ಮರಕ್ಕೆ ಬೇಲಿ ಹಾಕಿದಾಗ ಇದ್ದಿಲು ಸುಡುವವರ ಕೈ ಕಟ್ಟಿತು, ಇದ್ದಿಲಿಲ್ಲದೆ ಮೂಸೆಯಿಲ್ಲ. ಬಳ್ಳಾರಿ ಜಿಲ್ಲೆಯ 1904ರ ಗೆಜೆಟಿಯರಿನಲ್ಲಿ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆಯಿದೆ. ಹೊಸಪೇಟೆಯ ಬಳಿಯ ಕಮಲಾಪುರದಲ್ಲಿ ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆಗಳನ್ನು ಮಾಡುತ್ತಿದ್ದ ಕಮ್ಮಾರರು ಹಿಂದೆ ಜಂಬುನಾಥ ಬೆಟ್ಟದ ಅದಿರನ್ನು ತಾವೇ ಕರಗಿಸುತ್ತಿದ್ದರು; ಆ ಹೊತ್ತಿಗೆ ಅಗ್ಗದ ಇಂಗ್ಲಿಷ್ ಕಬ್ಬಿಣ ನಾಡಕಬ್ಬಿಣವನ್ನು ಪೂರ್ತಿ ಹೊರದೂಡಿತ್ತು. ಸಂಡೂರಿನ ಅದಿರು ಬಹು ಸಮೃದ್ಧವೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಬರೆದದ್ದು ಅದನ್ನು ಕರಗಿಸುವ ಕೈಗಳು ಕೆಲಸ ಬಿಟ್ಟ ಕಾಲದಲ್ಲಿ. ಇದ್ದಿಲಿನ ದೊಡ್ಡ ಕುಲುಮೆ ಮತ್ತೆ ಉರಿದದ್ದು 1923ರಲ್ಲಿ, ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆಯಲ್ಲಿ. ಕೆಮ್ಮಣ್ಣುಗುಂಡಿಯ ಅದಿರಿನ ಆ ಕಾರ್ಖಾನೆ ಮುಂದೆ ಮಿಶ್ರ ಉಕ್ಕನ್ನೂ ತಯಾರಿಸಿತು, ಆದರೆ ಅದು ಹಳ್ಳಿಯ ಕಮ್ಮಾರನ ಮೂಸೆಯ ಮುಂದುವರಿಕೆಯಾಗಿರಲಿಲ್ಲ.

ಹಳ್ಳಿಯ ಕಮ್ಮಾರ ಕರಗಿಸುವುದನ್ನು ಬಿಟ್ಟ, ಬಡಿಯುವುದನ್ನು ಬಿಡಲಿಲ್ಲ. ಆಯಗಾರರಲ್ಲಿ ಅವನೂ ಒಬ್ಬ. ರೈತರು ಮುಂಗಾರಿಗೆ ಮೊದಲು ಕುಡ ಹಣಿಸಿಕೊಂಡು, ಕುಂಟೆಯ ತಾಳು ಸರಿಮಾಡಿಸಿಕೊಂಡು, ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಅಳೆದುಕೊಡುತ್ತಿದ್ದರು. ಕುಡಗೋಲು, ಕೊಡಲಿ, ಕುರಿ ಉಣ್ಣೆ ಕತ್ತರಿ, ಕುರಿಗಾಹಿಯ ಸೊಂಟದ ಚೂರಿ ಎಲ್ಲವೂ ಅದೇ ಕುಲುಮೆಯಿಂದ. ಊರ ಕಮ್ಮಾರನಲ್ಲದೆ ಊರೂರು ಸುತ್ತುವ ಘಿಸಾಡಿಗಳೂ ರಸ್ತೆಬದಿಯಲ್ಲಿ ತಿದಿ ಹೂಡಿ ಉಪಕರಣಗಳನ್ನು ಬಡಿದುಕೊಡುತ್ತಿದ್ದರು.

ಅವರ ಉಕ್ಕು ಬಂದದ್ದು ಗುಜರಿಯಿಂದ. ಲಾರಿ, ಬಸ್ಸುಗಳು ಹೆಚ್ಚಿದ ಮೇಲೆ ಮುರಿದ ಸ್ಪ್ರಿಂಗ್ ಪಟ್ಟಿ ಹಳ್ಳಿಯ ಕುಲುಮೆಯ ಮುಖ್ಯ ಸರಕಾಯಿತು. ಇದನ್ನು ಬಡವರ ಅನಿವಾರ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಸ್ಪ್ರಿಂಗ್ ಪಟ್ಟಿಯ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಅರೆ ಪಾಲಿನಿಂದ 0.6ರವರೆಗೆ, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ, ಮ್ಯಾಂಗನೀಸ್. ಲಕ್ಷಗಟ್ಟಲೆ ಸಲ ಬಾಗಿ ನೆಟ್ಟಗಾಗಲೆಂದೇ ಮಾಡಿದ ಉಕ್ಕು ಅದು. ಕಲ್ಲಿಗೆ ತಾಗಿದರೂ ಕುಡಗೋಲಿನ ಬಾಯಿ ಚಕ್ಕೆ ಹಾರುವುದಿಲ್ಲ. ಬಾಯಿ ಬೇಗ ಇಳಿಯುವುದು ನಿಜ, ಆದರೆ ಬದುವಿನ ಕಲ್ಲಿನ ಮೇಲೂ ಮತ್ತೆ ಬರುತ್ತದೆ. ಸಣ್ಣ ಚೂರಿಗೆ ಇನ್ನೂ ಗಡುಸು ಬೇಕೆಂದರೆ ಕಮ್ಮಾರ ಹಳೆಯ ಅರವನ್ನೋ ಬೇರಿಂಗಿನ ಬಳೆಯನ್ನೋ ತೆಗೆದುಕೊಳ್ಳುತ್ತಾನೆ. ಒಳ್ಳೆಯ ಅರದಲ್ಲಿ ಇಂಗಾಲ ನೂರಕ್ಕೆ 1.2ರಷ್ಟಿರುತ್ತದೆ, ಬೇರಿಂಗಿನಲ್ಲಿ ಒಂದು ಪಾಲು ಇಂಗಾಲ, ಒಂದೂವರೆ ಪಾಲು ಕ್ರೋಮಿಯಂ. ಗುಜರಿಯ ತುಂಡಿಗೆ ಚೀಟಿ ಅಂಟಿರುವುದಿಲ್ಲ. ಸಾಣೆಗೆ ಹಿಡಿದು ಕಿಡಿ ನೋಡಿ ತಿಳಿಯಬೇಕು: ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆಯಂತೆ ಹೋಗುತ್ತದೆ, ಇಂಗಾಲ ಹೆಚ್ಚಿದಂತೆ ತುದಿಯಲ್ಲಿ ಒಡೆದು ಕವಲಾಗುತ್ತದೆ.

ಯಾವ ಉಕ್ಕಾದರೂ ಕೊನೆಯ ಮಾತು ಹದದ್ದು. ಕೆಂಪಗೆ ಕಾಯ್ದ ಅಲಗನ್ನು ನೀರಿಗೋ ಎಣ್ಣೆಗೋ ಅದ್ದಿದಾಗ ಅದು ಗಾಜಿನಂತೆ ಗಡುಸು, ಗಾಜಿನಂತೆಯೇ ಪೆಡಸು. ಮತ್ತೆ ಮೆಲ್ಲಗೆ ಕಾಯಿಸಿ ಪೆಡಸನ್ನು ಇಳಿಸಬೇಕು. ಉಜ್ಜಿ ಹೊಳಪಿಸಿದ ಅಲಗಿನ ಮೇಲೆ ಸುಮಾರು 220–230 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣ ಏರುತ್ತದೆ, ಮುಂದೆ ಕಂದು, ನೇರಳೆ, 300ರ ಹತ್ತಿರ ನೀಲಿ. ಚೂರಿಯನ್ನು ಹುಲ್ಲಿನ ಬಣ್ಣದಲ್ಲೇ ನಿಲ್ಲಿಸಬೇಕು. ಕೊಡಲಿಯನ್ನು ನೇರಳೆಯವರೆಗೆ ಬಿಡಬಹುದು. ನೀಲಿಗೆ ಹೋದದ್ದು ಸ್ಪ್ರಿಂಗ್ ಆಗುತ್ತದೆ, ಹರಿತ ನಿಲ್ಲುವುದಿಲ್ಲ. ಮಬ್ಬು ಬೆಳಕಿನ ಕುಲುಮೆ ಇರುವುದು ಕಾಯ್ದ ಉಕ್ಕಿನ ಕೆಂಪನ್ನು ತಪ್ಪದೆ ಕಾಣಲಿಕ್ಕಾಗಿ; ಹದದ ಈ ಬಣ್ಣಗಳನ್ನು ನೋಡಲು ಒಳ್ಳೆಯ ಬೆಳಕು ಬೇಕು. ಹದ ಕೆಟ್ಟರೆ ದುಬಾರಿ ಉಕ್ಕೂ ತಗಡೇ; ಹದ ಬಿದ್ದರೆ ಲಾರಿಯ ತುಂಡೂ ವರ್ಷಗಟ್ಟಲೆ ಕೊಯ್ಯುತ್ತದೆ. ಪೇಟೆಯ ಚೂರಿಗಳನ್ನು ಹೋಲಿಸುವವರು ಉಕ್ಕಿನ ಹೆಸರನ್ನಷ್ಟೇ ನೋಡಿ ಹದವನ್ನು ಕೇಳದಿರುವುದು ಇಂದಿನ ದೊಡ್ಡ ಕೊರತೆ.

ಕಾರ್ಖಾನೆಯ ಮಡಚುವ ಚೂರಿ ಬೇರೆ ಹಾದಿಯಲ್ಲಿ ಬೆಳೆಯಿತು. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಹುಟ್ಟಿದ ಓಪಿನೆಲ್ ಇವತ್ತಿಗೂ ಇಂಗಾಲದ ಉಕ್ಕಿನಲ್ಲಿ ಮತ್ತು ಸ್ಟೇನ್‌ಲೆಸ್ಸಿನಲ್ಲಿ, ಎರಡೂ ಬಗೆಯಲ್ಲಿ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್ 1921ರಲ್ಲಿ ಸ್ಟೇನ್‌ಲೆಸ್ ಉಕ್ಕಿಗೆ ಹೊರಳಿ ತನ್ನ ಹೆಸರಿನಲ್ಲೇ ಅದನ್ನು ಸೇರಿಸಿಕೊಂಡಿತು. ಅದರ ಅಲಗನ್ನು ರಾಕ್‌ವೆಲ್ ಅಳತೆಯಲ್ಲಿ 56ರ ಆಸುಪಾಸಿನ ಗಡಸಿಗೆ ಬೇಕೆಂದೇ ನಿಲ್ಲಿಸುತ್ತಾರೆ, ಮನೆಯ ಕಲ್ಲಿನಲ್ಲೂ ಮಸೆಯಲು ಬರಲಿ ಎಂದು. 2001ರ ಸುಮಾರಿಗೆ ಅಮೆರಿಕದ ಕ್ರೂಸಿಬಲ್ ಕಂಪನಿ ಚೂರಿಗಾರ ಕ್ರಿಸ್ ರೀವ್ ಜೊತೆ ಚರ್ಚಿಸಿ ಚೂರಿಗೆಂದೇ ಎಸ್30ವಿ ಎಂಬ ಉಕ್ಕನ್ನು ತಂದಿತು. ಅದರಲ್ಲಿ ನೂರಕ್ಕೆ 1.45 ಪಾಲು ಇಂಗಾಲ, 14 ಪಾಲು ಕ್ರೋಮಿಯಂ, 4 ಪಾಲು ವನೇಡಿಯಂ. ಇಂಗಾಲದ ಪ್ರಮಾಣ ಮೂಸೆಯ ಉಕ್ಕಿನದೇ. ಮೂಸೆಯಲ್ಲಿ ಅದಿರಿನೊಡನೆ ತಾನಾಗಿ ಬಂದ ವನೇಡಿಯಂನ ಕಣವನ್ನು ಇಲ್ಲಿ ಎಣಿಸಿ, ನೂರಾರು ಪಟ್ಟು ಹೆಚ್ಚಿಸಿ ಹಾಕಲಾಗಿದೆ.

ಆದರೆ ಆ ಉಕ್ಕು ಎಲ್ಲರಿಗೂ ಹೊಂದದು, ಕಾರಣ ಕಲ್ಲು. ನಾಡಿನ ಹಳೆಯ ಸಾಣೆಚಕ್ರ ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ್ದು. ವನೇಡಿಯಂ ಇಂಗಾಲದೊಡನೆ ಕೂಡಿ ಆಗುವ ಕಣಗಳು ಕುರುಂದಕ್ಕಿಂತ ಗಡುಸು. ಅಂಥ ಅಲಗನ್ನು ಸಾಣೆಗೆ ಹಿಡಿದರೆ ಸುತ್ತಲಿನ ಉಕ್ಕು ಸವೆಯುತ್ತದೆ, ಕಣಗಳು ಸವೆಯುವುದಿಲ್ಲ, ಬಾಯಿ ಒರಟಾಗಿ ಉಳಿಯುತ್ತದೆ. ವಜ್ರದ ಪುಡಿಯ ಮಸೆಗಲ್ಲು ಇದ್ದವರಿಗೆ ಅದು ತಿಂಗಳುಗಟ್ಟಲೆ ಕೊಯ್ಯುವ ಚೂರಿ, ಇಲ್ಲದವರಿಗೆ ಮೊಂಡಾದ ಮೇಲೆ ಕೈಗೆ ಬಾರದ ಚೂರಿ. ತೇವದ ಕಡೆ, ಹಣ್ಣು ತರಕಾರಿಯ ಹುಳಿ ತಾಗುವ ಕಡೆ ಮೆದು ಸ್ಟೇನ್‌ಲೆಸ್ ಸಲ್ಲುತ್ತದೆ. ಹರಪನಹಳ್ಳಿ, ಕೂಡ್ಲಿಗಿಯಂಥ ಒಣ ಹವೆಯ ಸೀಮೆಯಲ್ಲಿ ತುಕ್ಕಿನ ಭಯ ಕಡಿಮೆ. ಒರೆಸಿ ಒಂದು ತೊಟ್ಟು ಎಣ್ಣೆ ಸವರಿಟ್ಟರೆ ಇಂಗಾಲದ ಉಕ್ಕು ತಲೆಮಾರು ಬಾಳುತ್ತದೆ. ಹಗ್ಗ, ಬಳ್ಳಿ, ತೊಗಲು, ಕಟ್ಟಿಗೆ ಕೊಯ್ಯುವ ಇಲ್ಲಿನ ಕೆಲಸಕ್ಕೆ ಅದೇ ಮೇಲು.

ಇವತ್ತು ಸಂಡೂರಿನ ಅದಿರು ತೋರಣಗಲ್ಲಿನ ದೊಡ್ಡ ಕಾರ್ಖಾನೆಯಲ್ಲಿ ಕರಗುತ್ತದೆ. ಕೊಪ್ಪಳ ಜಿಲ್ಲೆಯ ಗಿಣಿಗೇರಿಯಲ್ಲಿ ವಾಹನಗಳ ಬಿಡಿಭಾಗಕ್ಕೆ ಬೇಕಾದ ಮಿಶ್ರ ಉಕ್ಕಿನ ಸರಳುಗಳಾಗುತ್ತವೆ. ಈ ಸೀಮೆಯ ಕಮ್ಮಾರರಿಗೆ ಉಕ್ಕು ಸಿಗುವುದು ಆ ಕಾರ್ಖಾನೆಗಳ ಬಾಗಿಲಿನಿಂದಲ್ಲ, ಗುಜರಿ ಅಂಗಡಿಯಿಂದ, ತೂಕದ ಲೆಕ್ಕದಲ್ಲಿ. ಅಲ್ಲಿ ಸ್ಪ್ರಿಂಗ್ ಪಟ್ಟಿಗೂ ಸಾಧಾರಣ ಕಬ್ಬಿಣದ ಪಟ್ಟಿಗೂ ಇರುವ ಅಂತರವನ್ನು ಅವರು ಈಗಲೂ ಕಿಡಿಯಿಂದಲೇ ಗುರುತಿಸುತ್ತಾರೆ.